ಸುಲ್ತಾನ್ ಖಾನ್: ಹುಟ್ಟಿನಿಂದ ಬಂದ ಬುದ್ಧಿಯೋ, ಆಡಿ ಪಳಗಿದ ಕೈಯೋ?

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಮಕ್ಕಳಿಗೆ ಉಪಯೋಗವಾಗುವಂಥ ಒಬ್ಬ ಸಾಧಕರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಗಣಿತದ ಮೇಷ್ಟ್ರಾಗಿ ನಾನು ಈ ಶಾಲೆಯಲ್ಲಿದ್ದಷ್ಟು ವರ್ಷವೂ ಪಾಠದ ಜೊತೆಗೆ ಬಿಡದೆ ನಡೆಸಿಕೊಂಡು ಬಂದ ಇನ್ನೊಂದು ಕೆಲಸವೆಂದರೆ ಮಕ್ಕಳಿಗೆ ಚದುರಂಗ ಆಡಿಸಿದ್ದು. ಹಾಗಾಗಿ ನನ್ನ ಆಯ್ಕೆ ಒಬ್ಬ ಚದುರಂಗದ ಆಟಗಾರರ ಮೇಲೆಯೇ ಬಿತ್ತು. ಅವರ ಹೆಸರು ಮೀರ್ ಸುಲ್ತಾನ್ ಖಾನ್.

ಅವರನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಮಕ್ಕಳ ಹೆಸರು ಬರೆದುಕೊಳ್ಳುವಾಗ ಪೋಷಕರಿಂದ ನಾನು ಅತಿ ಹೆಚ್ಚು ಕೇಳಿದ ಮಾತು, ಆ ಆಟಕ್ಕೆ ಬೇಕಾದ ತಲೆ ನಮ್ಮ ಹುಡುಗನಿಗೆಲ್ಲಿದೆ, ಅದೆಲ್ಲ ಹುಟ್ಟಿನಿಂದಲೇ ಬರಬೇಕು ಎಂಬುದು. ಇದಕ್ಕೆ ಎದುರಾಗಿ, ದಿನಾ ಹತ್ತು ಗಂಟೆ ಕೂರಿಸಿದರೆ ಯಾರನ್ನಾದರೂ ಚಾಂಪಿಯನ್ ಮಾಡಬಹುದು ಎನ್ನುವವರೂ ಇದ್ದಾರೆ. ಸ್ವಾರಸ್ಯವೆಂದರೆ, ಸುಲ್ತಾನ್ ಖಾನರ ಕಥೆ ಗೊತ್ತಿರುವ ಹೆಚ್ಚಿನವರು ಅದನ್ನು ಮೊದಲ ವಾದಕ್ಕೆ ಸಾಕ್ಷಿಯಾಗಿ ಹೇಳುತ್ತಾರೆ. ಪುಸ್ತಕ ಓದದೆ, ಗುರುವಿಲ್ಲದೆ, ಎಲ್ಲಿಂದಲೋ ಬಂದು ಲೋಕದ ಘಟಾನುಘಟಿಗಳನ್ನು ಸೋಲಿಸಿದ ಹುಟ್ಟು ಪ್ರತಿಭೆ ಎಂದು ಅವರನ್ನು ವರ್ಣಿಸುವುದು ರೂಢಿ. ಅವರ ಬದುಕನ್ನು ಮೊದಲಿನಿಂದ ಒಮ್ಮೆ ನೋಡೋಣ. ಆ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಓದುಗರೇ ತೀರ್ಮಾನಿಸಲಿ.

ಸುಲ್ತಾನ್ ಖಾನ್ ಹುಟ್ಟಿದ್ದು ಅಂದಿನ ಅಖಂಡ ಭಾರತದ ಪಂಜಾಬಿನ ಮಿಠಾ ಟಿವಾನಾ ಎಂಬ ಊರಿನಲ್ಲಿ. ಈಗ ಅದು ಪಾಕಿಸ್ತಾನಕ್ಕೆ ಸೇರಿದೆ. ಅವರ ಜನ್ಮವರ್ಷವನ್ನು 1903 ಎಂದೂ 1905 ಎಂದೂ ಬರೆಯುವುದುಂಟು. ಚದುರಂಗದಲ್ಲಿ ಅವರ ಮೊದಲ ಗುರು ತಂದೆ ನಿಜಾಮುದ್ದೀನ್. ಒಂಬತ್ತನೆಯ ವಯಸ್ಸಿನಲ್ಲಿ ಮಗ ಮಣೆಯ ಮುಂದೆ ಕುಳಿತ.

ಆದರೆ ತಂದೆ ಕಲಿಸಿದ್ದು ಇಂದು ನಮ್ಮ ಶಾಲೆಯಲ್ಲಿ ಮಕ್ಕಳು ಆಡುವ ಆಟವಲ್ಲ, ನಮ್ಮ ದೇಶದ ಹಳೆಯ ಚದುರಂಗ. ಊರಿನ ಹಿರಿಯರಿಗೆ ಅದರ ನೆನಪಿರಬಹುದು. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಾನೆ, ಎರಡು ಮನೆ ಹಾರುವಂತಿಲ್ಲ. ರಾಜನಿಗೆ ಕೋಟೆ ಕಟ್ಟಿಕೊಳ್ಳುವ ಕ್ಯಾಸ್ಲಿಂಗ್ ಇಲ್ಲ. ಅದಕ್ಕೆ ಬದಲಾಗಿ, ಶಹ ಬೀಳದೆ ಉಳಿದ ರಾಜ ಆಟದಲ್ಲಿ ಒಂದು ಬಾರಿ ಕುದುರೆಯಂತೆ ಹಾರಬಹುದು. ಕೊನೆಯ ಮನೆ ಮುಟ್ಟಿದ ಕಾಲಾಳು ಇಷ್ಟಬಂದಂತೆ ಮಂತ್ರಿಯಾಗುವುದಿಲ್ಲ. ಯಾವ ಸಾಲಿನಲ್ಲಿ ಹೋಗಿ ಮುಟ್ಟಿದನೋ ಆ ಸಾಲಿನ ಕಾಯಿಯಾಗುತ್ತಾನೆ, ಅಂದರೆ ಆನೆಯ ಸಾಲಾದರೆ ಆನೆ, ಕುದುರೆಯ ಸಾಲಾದರೆ ಕುದುರೆ.

ಈ ಸಣ್ಣ ವ್ಯತ್ಯಾಸಗಳಿಂದ ಇಡೀ ಆಟದ ನಡಿಗೆಯೇ ಬೇರೆಯಾಗುತ್ತದೆ. ಕಾಲಾಳುಗಳು ನಿಧಾನವಾಗಿ ಸರಿಯುವುದರಿಂದ ಎರಡು ಸೈನ್ಯಗಳು ಎದುರಾಗುವುದೇ ತಡ. ಮೊದಲ ಹತ್ತು ನಡೆಗಳಲ್ಲೇ ಎದುರಾಳಿಯನ್ನು ಬಲೆಗೆ ಕೆಡವುವ ಯುರೋಪಿನ ಚಾತುರ್ಯಕ್ಕೆ ಅಲ್ಲಿ ಜಾಗ ಕಡಿಮೆ. ತಾಳ್ಮೆಯಿಂದ ಕಾಯಿಗಳನ್ನು ಒಳ್ಳೆಯ ಮನೆಗಳಲ್ಲಿ ನಿಲ್ಲಿಸಿಕೊಂಡು, ಇಕ್ಕಟ್ಟನ್ನು ಹೆಚ್ಚಿಸುತ್ತಾ ಹೋಗಿ, ಕಾಯಿಗಳು ಕಡಿಮೆಯಾದ ಮೇಲೆ ಗೆಲ್ಲುವುದು ಆ ಆಟದ ಬಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಪ್ಪತ್ತೊಂದನೆಯ ವಯಸ್ಸಿನ ಹೊತ್ತಿಗೆ ಸುಲ್ತಾನ್ ಖಾನ್ ಪಂಜಾಬಿನ ಅತ್ಯಂತ ಬಲಶಾಲಿ ಆಟಗಾರರೆನಿಸಿದ್ದರು. ಆಗ ಅವರನ್ನು ಗುರುತಿಸಿದವರು ಸರ್ ಉಮರ್ ಹಯಾತ್ ಖಾನ್ ಟಿವಾನಾ. ಇವರು ಆ ಸೀಮೆಯ ದೊಡ್ಡ ಜಮೀನ್ದಾರರು, ಬ್ರಿಟಿಷ್ ಸರ್ಕಾರದಲ್ಲಿ ಪ್ರಭಾವವಿದ್ದವರು, ಚದುರಂಗದ ಹುಚ್ಚಿದ್ದವರು. ಸುಲ್ತಾನ್ ಖಾನರನ್ನು ತಮ್ಮ ಆಶ್ರಯಕ್ಕೆ ಕರೆದುಕೊಂಡು ಅವರಿಗೆ ಯುರೋಪಿನ ನಿಯಮಗಳ ಆಟವನ್ನು ಕಲಿಸಿದರು. 1928ರಲ್ಲಿ ನಡೆದ ಅಖಿಲ ಭಾರತ ಚಾಂಪಿಯನ್‌ಷಿಪ್ಪಿನಲ್ಲಿ ಸುಲ್ತಾನ್ ಖಾನ್ ಒಂಬತ್ತು ಆಟಗಳಲ್ಲಿ ಎಂಟನ್ನು ಗೆದ್ದು, ಒಂದನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಪ್ರಶಸ್ತಿ ಪಡೆದರು.

1929ರಲ್ಲಿ ಸರ್ ಉಮರ್ ಲಂಡನ್ನಿನಲ್ಲಿ ಭಾರತ ಸಚಿವರ ಸಲಹಾ ಮಂಡಳಿಯ ಸದಸ್ಯರಾದರು. ಅವರ ಪರಿವಾರದೊಂದಿಗೆ ಸುಲ್ತಾನ್ ಖಾನರೂ ಅಲ್ಲಿಗೆ ಹೋದರು. ಅಲ್ಲಿ ನಡೆದದ್ದನ್ನು ನಮ್ಮ ಮಕ್ಕಳು ಗಮನವಿಟ್ಟು ಓದಬೇಕು. ಬ್ರಿಟಿಷ್ ಚಾಂಪಿಯನ್‌ಷಿಪ್ಪಿಗೆ ಮುಂಚೆ ಅಭ್ಯಾಸಕ್ಕೆಂದು ಅವರಿಗಾಗಿ ಒಂದು ಸಣ್ಣ ಪಂದ್ಯಾವಳಿಯನ್ನು ಏರ್ಪಡಿಸಿದರು. ಭಾರತದ ಚಾಂಪಿಯನ್ ಅದರಲ್ಲಿ ಕೊನೆಯ ಸ್ಥಾನವನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡರು. ಆಟದ ಆರಂಭದ ನಡೆಗಳ ಬಗ್ಗೆ ಯುರೋಪಿನಲ್ಲಿ ನೂರಾರು ಪುಟಗಳ ಗ್ರಂಥಗಳಿದ್ದವು. ಎದುರಾಳಿಗಳು ಅವುಗಳನ್ನು ಅರೆದು ಕುಡಿದವರು. ಸುಲ್ತಾನ್ ಖಾನರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆ ಪುಸ್ತಕಗಳ ಪರಿಚಯವೂ ಇಲ್ಲ. ಮೊದಲ ಹತ್ತು ಹನ್ನೆರಡು ನಡೆಗಳಲ್ಲೇ ಅವರು ಹಿಂದೆ ಬೀಳುತ್ತಿದ್ದರು.

ಅದೇ ಪಂದ್ಯದಲ್ಲಿ ಅವರಿಗಿಂತ ಮುಂದಿದ್ದ ಇಬ್ಬರು ಇಂಗ್ಲಿಷ್ ಆಟಗಾರರು, ವಿಲಿಯಂ ವಿಂಟರ್ ಮತ್ತು ಫ್ರೆಡ್ರಿಕ್ ಯೇಟ್ಸ್, ಬಳಿಕ ಅವರ ಜೊತೆ ಕುಳಿತು ಆಡಿ ಅಭ್ಯಾಸ ಮಾಡಿಸಿದರು. ಆ ಬೇಸಿಗೆಯಲ್ಲೇ ರಾಮ್ಸ್‌ಗೇಟ್ ಎಂಬ ಊರಿನಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್ ನಡೆಯಿತು. ಸುಲ್ತಾನ್ ಖಾನ್ ಗೆದ್ದರು. ಯುರೋಪಿನ ನಿಯಮಗಳನ್ನು ಕಲಿತು ಕೆಲವೇ ವರ್ಷಗಳಾಗಿದ್ದ ಪಂಜಾಬಿನ ಹಳ್ಳಿಯ ಯುವಕ ಬ್ರಿಟಿಷ್ ಸಾಮ್ರಾಜ್ಯದ ಚಾಂಪಿಯನ್ ಆದರು.

ಇಂಗ್ಲೆಂಡಿನ ಚಳಿ ಅವರಿಗೆ ಒಗ್ಗಲಿಲ್ಲ. ಮಲೇರಿಯಾ ಮತ್ತೆ ಮತ್ತೆ ಬರುತ್ತಿತ್ತು. ಗಂಟಲು ನೋವು ಬಿಡದೆ ಕಾಡುತ್ತಿತ್ತು. ಎಷ್ಟೋ ಸಲ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಪಂದ್ಯಕ್ಕೆ ಬಂದು ಕೂರುತ್ತಿದ್ದರು. ಗೆಲುವಾಗಲಿ ಸೋಲಾಗಲಿ ಅವರ ಮುಖದಲ್ಲಿ ಕಾಣುತ್ತಿರಲಿಲ್ಲ. ಆ ವರ್ಷದ ಕೊನೆಗೆ ಸ್ವದೇಶಕ್ಕೆ ಮರಳಿ, 1930ರ ಮೇ ತಿಂಗಳಲ್ಲಿ ಮತ್ತೆ ಯುರೋಪಿಗೆ ಹೋದರು. ಅವರ ಹೆಸರು ಲೋಕದಲ್ಲೆಲ್ಲ ಹಬ್ಬಿದ್ದು ಈ ಎರಡನೆಯ ಅವಧಿಯಲ್ಲಿ.

1930ರ ಹ್ಯಾಂಬರ್ಗ್ ಚೆಸ್ ಒಲಿಂಪಿಯಾಡಿನಲ್ಲಿ ಅವರು ಇಂಗ್ಲೆಂಡ್ ತಂಡದ ಮೊದಲ ಬೋರ್ಡಿನಲ್ಲಿ ಆಡಿದರು. ಮೊದಲ ಬೋರ್ಡ್ ಎಂದರೆ ಎದುರಾಳಿ ದೇಶದ ಅತ್ಯಂತ ಬಲಶಾಲಿ ಆಟಗಾರನ ಎದುರು ಕೂರುವ ಜಾಗ. ಅಲ್ಲಿ ಒಂಬತ್ತು ಗೆಲುವು, ನಾಲ್ಕು ಸಮ, ನಾಲ್ಕು ಸೋಲು. ಅದೇ ವರ್ಷ ಬೆಲ್ಜಿಯಂನ ಲಿಯೇಜ್ ಪಂದ್ಯಾವಳಿಯಲ್ಲಿ ಟಾರ್ಟಕೋವರ್ ಅವರ ನಂತರ ಎರಡನೆಯ ಸ್ಥಾನ. ಆಮೇಲೆ ಬಂತು ಹೇಸ್ಟಿಂಗ್ಸ್.

ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದಲ್ಲಿ ಹೊಸ ವರ್ಷದ ಆಸುಪಾಸಿನಲ್ಲಿ ನಡೆಯುವ ಪಂದ್ಯಾವಳಿ ಬಹಳ ಹೆಸರಾದದ್ದು. 1930-31ರ ಪಂದ್ಯಕ್ಕೆ ಕ್ಯೂಬಾದ ಹೊಸೆ ರಾವುಲ್ ಕಪಬ್ಲಾಂಕಾ ಬಂದಿದ್ದರು. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು. ನಾಲ್ಕನೆಯ ವಯಸ್ಸಿನಲ್ಲಿ ತಂದೆ ಆಡುವುದನ್ನು ನೋಡಿಯೇ ಆಟ ಕಲಿತವರೆಂದು ಇವರ ಖ್ಯಾತಿ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. 1916ರಿಂದ 1924ರವರೆಗೆ ಸುಮಾರು ಎಂಟು ವರ್ಷ ಯಾವ ಗಂಭೀರ ಪಂದ್ಯದಲ್ಲೂ ಒಂದು ಆಟವನ್ನೂ ಸೋಲದವರು. ಅವರನ್ನು ಸೋಲಿಸುವುದೆಂದರೆ ಆಟಗಾರನೊಬ್ಬನ ಜೀವಮಾನದ ಸಾಧನೆ. ಸುಲ್ತಾನ್ ಖಾನ್ ಅವರನ್ನು 65 ನಡೆಗಳ ದೀರ್ಘ ಆಟದಲ್ಲಿ ಸೋಲಿಸಿದರು. ಪಂದ್ಯಾವಳಿಯಲ್ಲಿ ಯೂವೆ ಮೊದಲಿಗರು, ಕಪಬ್ಲಾಂಕಾ ಎರಡನೆಯವರು, ಸುಲ್ತಾನ್ ಖಾನ್ ಮೂರನೆಯವರು.

ಆ ಆಟವನ್ನು ನಾನು ಮಕ್ಕಳ ಮುಂದೆ ಎಷ್ಟೋ ಸಲ ಮಣೆಯ ಮೇಲೆ ಆಡಿ ತೋರಿಸಿದ್ದೇನೆ. ಕಣ್ಣು ಕೋರೈಸುವ ಬಲಿದಾನಗಳನ್ನು ನಿರೀಕ್ಷಿಸಿದ ಹುಡುಗರಿಗೆ ಮೊದಮೊದಲು ಬೇಸರವಾಗುತ್ತದೆ. ಸುಲ್ತಾನ್ ಖಾನ್ ಆತುರಪಡುವುದಿಲ್ಲ. ಎದುರಾಳಿಗೆ ಉಸಿರಾಡುವ ಜಾಗವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗುತ್ತಾರೆ. ಕಾಲಾಳನ್ನು ಒಂದೊಂದೇ ಮನೆ ಸರಿಸುವ ಹಳೆಯ ಚದುರಂಗದ ತಾಳ್ಮೆಯೇ ಇಲ್ಲೂ ಕೆಲಸ ಮಾಡುತ್ತಿದೆ ಎಂದು ನನಗನ್ನಿಸುತ್ತದೆ.

1931ರ ಆರಂಭದಲ್ಲಿ ಟಾರ್ಟಕೋವರ್ ಅವರೊಂದಿಗೆ ನಡೆದ ಹನ್ನೆರಡು ಆಟಗಳ ನೇರ ಸ್ಪರ್ಧೆಯನ್ನು ಅವರು ಗೆದ್ದರು. ಆ ವರ್ಷದ ಪ್ರಾಗ್ ಒಲಿಂಪಿಯಾಡಿನಲ್ಲಿ ಹದಿನೇಳು ಆಟಗಳಲ್ಲಿ ಎಂಟು ಗೆಲುವು, ಏಳು ಸಮ, ಎರಡೇ ಸೋಲು. ಫ್ಲೋರ್ ಮತ್ತು ರುಬಿನ್‌ಸ್ಟೈನ್ ಅವರಂಥವರನ್ನು ಅಲ್ಲಿ ಸೋಲಿಸಿದರು, ಆಗಿನ ವಿಶ್ವ ಚಾಂಪಿಯನ್ ಅಲೆಖಿನ್ ಅವರೊಂದಿಗೆ ಸಮ ಮಾಡಿಕೊಂಡರು. 1932 ಮತ್ತು 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್ ಆದರು.

1933ರ ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿಯದು. ಆ ವರ್ಷ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದ ಫಾತಿಮಾ ಕೂಡ ಸರ್ ಉಮರ್ ಅವರ ಮನೆಯವರೊಂದಿಗೇ ಭಾರತದಿಂದ ಹೋದವರು. ಹನ್ನೊಂದು ಆಟಗಳಲ್ಲಿ ಹತ್ತು ಗೆದ್ದು ಒಂದನ್ನು ಸಮ ಮಾಡಿಕೊಂಡರು. ಒಂದೇ ಮನೆಯಿಂದ ಒಂದೇ ವರ್ಷ ಇಬ್ಬರು ಚಾಂಪಿಯನ್ನರು! ಎರಡು ಹುಟ್ಟು ಪ್ರತಿಭೆಗಳು ಆಕಸ್ಮಿಕವಾಗಿ ಒಂದೇ ಸೂರಿನಡಿ ಬಂದು ಸೇರಿದವೇ? ಅಥವಾ ಆ ಮನೆಯಲ್ಲಿ ಚದುರಂಗದ ಮಣೆ ಯಾವಾಗಲೂ ಹಾಸಿರುತ್ತಿತ್ತು, ಆಡುವವರು ಇರುತ್ತಿದ್ದರು ಎಂಬುದೇ ಕಾರಣವೇ? ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನಂಬಲು ತಕ್ಕದ್ದು.

1933ರ ಡಿಸೆಂಬರಿನಲ್ಲಿ ಸರ್ ಉಮರ್ ಅವರೊಂದಿಗೆ ಸುಲ್ತಾನ್ ಖಾನ್ ಭಾರತಕ್ಕೆ ಮರಳಿದರು. 1935ರಲ್ಲಿ ಖಾಡಿಲ್ಕರ್ ಅವರೊಡನೆ ಹತ್ತು ಆಟಗಳ ಸ್ಪರ್ಧೆ ಆಡಿ, ಒಂದನ್ನು ಮಾತ್ರ ಸಮ ಮಾಡಿಕೊಂಡು ಉಳಿದ ಒಂಬತ್ತನ್ನೂ ಗೆದ್ದರು. ಅಲ್ಲಿಗೆ ಮುಗಿಯಿತು. ಆಮೇಲೆ ಚದುರಂಗದ ಲೋಕ ಅವರ ಸುದ್ದಿಯನ್ನೇ ಕೇಳಲಿಲ್ಲ. ಮೂವತ್ತರ ಆಸುಪಾಸಿನ ವಯಸ್ಸು, ಆಟಗಾರನೊಬ್ಬನ ಶಕ್ತಿ ತುಂಬಿ ನಿಲ್ಲುವ ಕಾಲ. ಅವರು ತಮ್ಮ ಊರಿನ ಕಡೆಯ ಜಮೀನಿನಲ್ಲಿ ಬದುಕು ನಡೆಸಿದರು, ದೊಡ್ಡ ಸಂಸಾರ ಬೆಳೆಸಿದರು. 1944ರಲ್ಲಿ ಸರ್ ಉಮರ್ ತೀರಿಕೊಂಡರು. ದೇಶ ವಿಭಜನೆಯಾಗಿ ಅವರ ಊರು ಪಾಕಿಸ್ತಾನದ ಪಾಲಾಯಿತು. 1966ರಲ್ಲಿ ಸರ್ಗೋಧಾದಲ್ಲಿ ಕ್ಷಯರೋಗದಿಂದ ಸುಲ್ತಾನ್ ಖಾನ್ ನಿಧನರಾದರು. ತಂದೆ ತಮಗೆ ಚದುರಂಗ ಕಲಿಸಲಿಲ್ಲ, ಬದುಕಿಗೆ ಹೆಚ್ಚು ಪ್ರಯೋಜನವಾಗುವುದನ್ನು ಮಾಡಿರೆಂದು ಹೇಳುತ್ತಿದ್ದರು ಎಂದು ಅವರ ಮಗನೊಬ್ಬರು ನೆನೆದಿದ್ದಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಸುಲ್ತಾನ್ ಖಾನರನ್ನು ಪಾಶ್ಚಾತ್ಯ ಬರಹಗಾರರು ಅನಕ್ಷರಸ್ಥ ಸೇವಕ ಎಂದು ಬಣ್ಣಿಸಿದರು. ಅವರ ಮೊಮ್ಮಗಳು ಈ ಚಿತ್ರವನ್ನು ಒಪ್ಪುವುದಿಲ್ಲ. ಆದರೂ ಆ ಕಥೆ ಜನಪ್ರಿಯವಾಯಿತು, ಏಕೆಂದರೆ ಅದು ಕೇಳಲು ಚೆನ್ನಾಗಿದೆ. ಏನೂ ಇಲ್ಲದವನಿಗೆ ದೇವರು ಎಲ್ಲವನ್ನೂ ಕೊಟ್ಟ ಎಂಬ ಧಾಟಿಯ ಕಥೆ ಅದು. ಆದರೆ ಈ ಕಥೆ ಒಂದು ದೊಡ್ಡ ಸತ್ಯವನ್ನು ಮರೆಮಾಡುತ್ತದೆ. ಒಂಬತ್ತನೆಯ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ಹನ್ನೆರಡು ವರ್ಷ ಅವರು ಹಳೆಯ ಚದುರಂಗದಲ್ಲಿ ಪಳಗಿದ್ದರು. ಲಂಡನ್ನಿನವರ ಕಣ್ಣಿಗೆ ಆ ವರ್ಷಗಳು ಕಾಣಲಿಲ್ಲ. ಆ ಅಭ್ಯಾಸ ಪುಸ್ತಕದಲ್ಲಿ ದಾಖಲಾಗಿರಲಿಲ್ಲ, ಇಂಗ್ಲಿಷಿನಲ್ಲಿ ನಡೆದಿರಲಿಲ್ಲ, ಆದ್ದರಿಂದ ಅದು ಅಭ್ಯಾಸವೇ ಅಲ್ಲವೆಂದು ಅವರಿಗೆ ತೋರಿತು. ಅವರ ಆಟದ ಬಲಾಬಲವನ್ನು ನೋಡಿದರೂ ಇದೇ ತಿಳಿಯುತ್ತದೆ. ಹಳೆಯ ಆಟದಲ್ಲಿ ಕಲಿಯಲು ಸಾಧ್ಯವಿದ್ದ ಮಧ್ಯದ ಆಟ ಮತ್ತು ಕೊನೆಯ ಆಟದಲ್ಲಿ ಅವರು ಅಸಾಮಾನ್ಯರು. ಅಲ್ಲಿ ಕಲಿಯಲಾಗದ ಆರಂಭದ ನಡೆಗಳಲ್ಲಿ ದುರ್ಬಲರು. ಎಲ್ಲವೂ ಹುಟ್ಟಿನಿಂದಲೇ ಬಂದಿದ್ದರೆ ಈ ಗೆರೆ ಇಷ್ಟು ಸ್ಪಷ್ಟವಾಗಿ ಇರುತ್ತಿತ್ತೇ?

ವಿದ್ವಾಂಸರೂ ಈ ವಿಷಯವನ್ನು ಪರೀಕ್ಷಿಸಿದ್ದಾರೆ. 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನಿಜವಾದ ಆಟದ ನಡುವಿನ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಪಳಗಿದ ಆಟಗಾರರು ಹೊಸಬರಿಗಿಂತ ಬಹಳ ಹೆಚ್ಚು ಕಾಯಿಗಳನ್ನು ನೆನಪಿನಿಂದ ಅದದೇ ಮನೆಯಲ್ಲಿ ಇಟ್ಟರು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಅವರ ಹೆಚ್ಚುಗಾರಿಕೆ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವರಲ್ಲಿದ್ದದ್ದು ಎಲ್ಲವನ್ನೂ ಹಿಡಿದಿಡುವ ವಿಶೇಷ ಸ್ಮರಣಶಕ್ತಿಯಲ್ಲ. ವರ್ಷಗಟ್ಟಲೆ ಆಡಿ ಕಣ್ಣಿಗೆ ಪರಿಚಯವಾದ ವಿನ್ಯಾಸಗಳು. ಅಕ್ಷರ ಬಲ್ಲವನು ಪದವನ್ನು ಇಡಿಯಾಗಿ ಓದುವಂತೆ ಅವರು ಮಣೆಯನ್ನು ಓದುತ್ತಿದ್ದರು.

ಹಾಗೆಂದು ಅಭ್ಯಾಸವೊಂದೇ ಸಾಕೆನ್ನುವುದೂ ಪೂರ್ಣ ಸತ್ಯವಲ್ಲ. 2007ರಲ್ಲಿ ಪ್ರಕಟವಾದ, ಅರ್ಜೆಂಟೀನಾದ ಆಟಗಾರರ ಅಧ್ಯಯನವೊಂದರಲ್ಲಿ, ಮಾಸ್ಟರ್ ಮಟ್ಟ ಮುಟ್ಟಲು ಒಬ್ಬರಿಗೆ ಸುಮಾರು 3,000 ಗಂಟೆಗಳ ಅಭ್ಯಾಸ ಸಾಕಾಗಿದ್ದರೆ, ಇನ್ನೊಬ್ಬರಿಗೆ 23,000ಕ್ಕೂ ಹೆಚ್ಚು ಗಂಟೆ ಬೇಕಾಗಿತ್ತು. ಒಂದೇ ಎತ್ತರಕ್ಕೆ ಏರಲು ಒಬ್ಬನಿಗಿಂತ ಇನ್ನೊಬ್ಬನಿಗೆ ಏಳೆಂಟು ಪಟ್ಟು ಶ್ರಮ! ಮಕ್ಕಳಲ್ಲಿ ವ್ಯತ್ಯಾಸವಿದೆ ಎಂಬುದನ್ನು ತರಗತಿಯಲ್ಲಿ ನಿಂತ ಯಾವ ಮೇಷ್ಟ್ರೂ ಅಲ್ಲಗಳೆಯಲಾರರು. ಸುಲ್ತಾನ್ ಖಾನರು ಕೆಲವೇ ತಿಂಗಳಲ್ಲಿ ಕೊನೆಯ ಸ್ಥಾನದಿಂದ ಚಾಂಪಿಯನ್ ಪಟ್ಟಕ್ಕೆ ಏರಿದ್ದು ಎಲ್ಲರಿಂದಲೂ ಆಗುವ ಮಾತಲ್ಲ. ಆ ವೇಗದಲ್ಲಿ ಪ್ರತಿಭೆಯ ಪಾಲು ಖಂಡಿತ ಇದೆ. ಆದರೆ 3,000 ಗಂಟೆಯವನೂ ಆ 3,000 ಗಂಟೆ ಕೂತೇ ಕಲಿತ. ಕೂರದೆ ಯಾರೂ ಮಾಸ್ಟರ್ ಆಗಲಿಲ್ಲ.

ಈ ಎರಡರ ಜಗಳದಲ್ಲಿ ನಾವು ಮರೆಯುವ ಮೂರನೆಯದೊಂದಿದೆ. 1935ರ ನಂತರ ಸುಲ್ತಾನ್ ಖಾನರ ಪ್ರತಿಭೆ ಎಲ್ಲಿಗೂ ಹೋಗಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೀರಿದ ಅಭ್ಯಾಸವೂ ಅಳಿಸಿಹೋಗಿರಲಿಲ್ಲ. ಹೋದದ್ದು ಅವಕಾಶ. ಎದುರಿಗೆ ಕೂರಲು ಸಮಬಲದ ಆಟಗಾರರಿಲ್ಲ, ಪಂದ್ಯಗಳಿಲ್ಲ, ಕಳಿಸಿಕೊಡುವವರಿಲ್ಲ. ಬಿತ್ತನೆ ಬೀಜ ಒಳ್ಳೆಯದು, ಉಳುಮೆಯೂ ಚೆನ್ನಾಗಿ ಆಗಿದೆ, ಮಳೆ ಮಾತ್ರ ನಿಂತುಹೋಯಿತು. ಒಬ್ಬ ಜಮೀನ್ದಾರರ ಇಷ್ಟದ ಮೇಲೆ ನಿಂತಿದ್ದ ಆಟ, ಅವರು ಲಂಡನ್ ಬಿಟ್ಟೊಡನೆ ನಿಂತಿತು. 1950ರಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಮೊದಲ ಬಾರಿಗೆ 27 ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು. ಸುಲ್ತಾನ್ ಖಾನರು ಸೋಲಿಸಿದ್ದ ಟಾರ್ಟಕೋವರ್, ಫ್ಲೋರ್, ರುಬಿನ್‌ಸ್ಟೈನ್ ಆ ಪಟ್ಟಿಯಲ್ಲಿದ್ದರು. ಆಗ ಜೀವಂತರಾಗಿದ್ದ ಸುಲ್ತಾನ್ ಖಾನರ ಹೆಸರಿರಲಿಲ್ಲ. 2024ರಲ್ಲಿ, ಅವರು ತೀರಿಕೊಂಡು 58 ವರ್ಷಗಳಾಗುವ ಹೊತ್ತಿಗೆ, ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ನೀಡಿತು.

ಆದ್ದರಿಂದ ಊರಿನ ತಂದೆತಾಯಂದಿರಲ್ಲಿ ನನ್ನದೊಂದು ಅರಿಕೆ. ನಮ್ಮ ಹುಡುಗನಿಗೆ, ನಮ್ಮ ಹುಡುಗಿಗೆ ಅಂಥ ತಲೆ ಇಲ್ಲವೆಂದು ಒಂದು ವರ್ಷದ ಆಟ ನೋಡಿ ತೀರ್ಮಾನಿಸಬೇಡಿ. ಲಂಡನ್ನಿನವರು 1929ರ ಆ ಅಭ್ಯಾಸ ಪಂದ್ಯದ ಫಲಿತಾಂಶ ನೋಡಿ ಹಾಗೆ ತೀರ್ಮಾನಿಸಿದ್ದರೆ ಸುಲ್ತಾನ್ ಖಾನರ ಹೆಸರು ನಮಗೆ ತಿಳಿಯುತ್ತಲೇ ಇರಲಿಲ್ಲ. ಸೋತವನ ಜೊತೆ ಯೇಟ್ಸ್ ಮತ್ತು ವಿಂಟರ್ ಕುಳಿತರು. ಅದೇ ಮುಖ್ಯ.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಅರಿಕೆ. ಮಹೋತ್ಸವದ ನೆನಪಿಗೆ ಶಾಲೆಗೆ ಏನು ಕೊಡಲಿ ಎಂದು ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದೀರಿ. ಗೆದ್ದವರಿಗೆ ಕೊಡಲು ಕಪ್ಪುಗಳು ನಮ್ಮ ಆಫೀಸಿನ ಬೀರುವಿನಲ್ಲಿ ಬೇಕಾದಷ್ಟಿವೆ. ಚೆಸ್ ಬೋರ್ಡುಗಳೂ ಇವೆ, ಒಂದೆರಡರಲ್ಲಿ ಕುದುರೆ ಕಳೆದುಹೋಗಿದೆ ಅಷ್ಟೆ. ಕೊರತೆ ಇರುವುದು ಎದುರಿಗೆ ಕೂರುವವರದು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಬಂದು ಮಕ್ಕಳ ಜೊತೆ ಆಡಿ, ಸೋತ ಆಟವನ್ನು ಮತ್ತೆ ಮೊದಲಿನಿಂದ ಇಟ್ಟು ಎಲ್ಲಿ ತಪ್ಪಿತೆಂದು ತೋರಿಸುವವರು ಬೇಕು. ನಿವೃತ್ತನಾದರೂ ನಾನು ಬರುತ್ತಿದ್ದೇನೆ. ಹತ್ತನೇ ತರಗತಿಯ ಪಕ್ಕದ ಕೊಠಡಿ, ಹನ್ನೆರಡು ಗಂಟೆಗೆ. ಬರುವವರು ಬನ್ನಿ.